ಕುಬಸದ ಬುತ್ತಿಯ ಐಸ್‌ಬಾಕ್ಸ್

ನಾನು ಒಂದು ಐಸ್‌ಬಾಕ್ಸ್. ಮೈ ನೀಲಿ, ಮುಚ್ಚಳ ಬಿಳಿ, ಎತ್ತಿಕೊಳ್ಳಲು ಮೇಲೊಂದು ಹಿಡಿ. ಒಳಗಿಟ್ಟದ್ದನ್ನು ತಣ್ಣಗಿಡುವುದು ನನ್ನ ಕಸುಬು. ಏನನ್ನು ಇಡಬೇಕು, ಏನನ್ನು ಇಡಬಾರದು ಎಂಬ ವಿವೇಕ ಇಡುವವರಿಗಿರಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಮುಗಿಯುವ ಹೊತ್ತಿಗೆ ನೀವೂ ನನ್ನ ಕಡೆಗೇ ಬೆರಳು ತೋರಿಸುತ್ತೀರಿ ಎಂದು ನನಗೆ ಗೊತ್ತು.

ನಾನು ಹುಟ್ಟಿದ್ದು ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ. ಕುದಿಯುವ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ದು ನನ್ನ ಗೋಡೆಗಳನ್ನು ಮಾಡಿದರು. ಎರಡು ಗೋಡೆಗಳ ನಡುವೆ ನೊರೆಯಂಥದ್ದನ್ನು ತುಂಬಿದರು, ಅದು ಅಲ್ಲೇ ಗಟ್ಟಿಯಾಯಿತು. ಆ ದಪ್ಪ ಗೋಡೆಯೇ ನನ್ನ ಹೆಮ್ಮೆ. ಕೊನೆಗೆ ಮೈಗೊಂದು ಚೀಟಿ ಅಂಟಿಸಿದರು. ಅದರಲ್ಲಿ ಬರೆದಿದ್ದದ್ದು ನನ್ನ ಹೊಟ್ಟೆಯ ಅಳತೆ, ಮೈಯ ಅಳತೆಯಲ್ಲ.

ಲಾರಿಯಲ್ಲಿ ಹುಬ್ಬಳ್ಳಿಗೆ ಬಂದೆ. ದುರ್ಗದಬೈಲಿನ ಒಂದು ಅಂಗಡಿಯಲ್ಲಿ ಬಕೆಟ್ಟು, ಮೊರ, ಕಸಬರಿಗೆಗಳ ನಡುವೆ ಧೂಳು ತಿನ್ನುತ್ತ ಕೂತಿದ್ದೆ. ಅಲ್ಲಿಗೆ ಒಂದು ಮಧ್ಯಾಹ್ನ ಕಾಶವ್ವ ಬಂದಳು. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು. ಅಂಗೈ ಕಾದು ಕಾದು ಚರ್ಮ ದಪ್ಪಗಾಗಿತ್ತು. ಆ ಕೈಯಿಂದ ನನ್ನ ಮುಚ್ಚಳ ಸವರಿ ಕೇಳಿದಳು, “ಇದು ವಿಮಾನದಾಗ ಕೈಯಾಗ ಹಿಡ್ಕೊಂಡು ಒಯ್ಯಾಕ ನಡೀತೈತೇನ್ರೀ?”

ಅಂಗಡಿಯವನು ನನ್ನ ಚೀಟಿ ನೋಡಿದ, ಮೊಬೈಲಿನಲ್ಲಿ ಏನನ್ನೋ ನೋಡಿದ. “ಅಳತಿ ಕರೆಕ್ಟ್ ಐತ್ರೀ ಅಕ್ಕಾರ, ತಗೊಂಡು ಹೋಗ್ರಿ,” ಎಂದ. ಹೊಟ್ಟೆಯ ಅಳತೆ ನೋಡಿ ಮೈಗೆ ಮಾತು ಕೊಟ್ಟ ಪುಣ್ಯಾತ್ಮ ಅವನು. ನನಗೆ ಬಾಯಿದ್ದರೆ ಅಲ್ಲೇ ಕೂಗುತ್ತಿದ್ದೆ.

ಕಾಶವ್ವನ ಮಗಳು ಶಿವಲೀಲಾ ದಿಲ್ಲಿಯಲ್ಲಿದ್ದಳು. ಗಂಡನ ಮನೆಯವರು ಬೆಳಗಾವಿ ಕಡೆಯವರೇ, ಆದರೆ ದಿಲ್ಲಿ ಸೇರಿ ಬಹಳ ವರ್ಷವಾಗಿತ್ತು, ಅನುಕೂಲಸ್ಥರು. ಮಗಳಿಗೆ ಏಳು ತಿಂಗಳು ತುಂಬಿತ್ತು, ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾಗಿತ್ತು. ಕುಬಸಕ್ಕೆ ತವರಿನಿಂದ ಬುತ್ತಿ ಬರಲೇಬೇಕು. ತಾಯಿಯೇ ಅದನ್ನು ಹೊತ್ತು ತಂದು, ಬಸುರಿ ಮಗಳ ಬಾಯಿಗೆ ಮೊದಲ ತುತ್ತು ಇಡಬೇಕು. ಬುತ್ತಿ ಬಾರದ ಬಸುರಿಗೆ ತವರಿಲ್ಲ ಎಂದೇ ಆ ಜನರ ಲೆಕ್ಕ.

ಇದರ ಹಿಂದೆ ಒಂದು ನೋವೂ ಇತ್ತು. ಮದುವೆಯಾದ ವರ್ಷ ಕಾಶವ್ವ ನಾಗರಪಂಚಮಿಗೆಂದು ಹಳೆ ಸೀರೆಯ ತುಂಡಿನಲ್ಲಿ ಉಂಡಿ, ರೊಟ್ಟಿ ಕಟ್ಟಿ ಪಾರ್ಸೆಲ್ ಕಳಿಸಿದ್ದಳು. ಬೀಗಿತ್ತಿ ಇಂದುಮತಿ ಅದನ್ನು ಬಿಚ್ಚದೆಯೇ ಕೆಲಸದವಳಿಗೆ ಕೊಟ್ಟಿದ್ದಳು, “ಎಷ್ಟು ದಿನದ್ದೋ ಏನೋ” ಎಂದು. ಈ ಸಲ ಮಗಳು ಫೋನಿನಲ್ಲಿ ಅಳುತ್ತ ಹೇಳಿದ್ದಳು, “ಅವ್ವಾ, ನೀನ ಕೈಯಾಗ ಹಿಡ್ಕೊಂಡು ಬಾ. ಅತ್ತಿಯವ್ರ ಮುಂದ ನನ್ನ ಮಾರಿ ಉಳಸು.”

ಕಾಶವ್ವ ಮಗಳ ಮುಖ ಉಳಿಸಲು ಹೊರಟಿದ್ದಳು. ಅರಿವೆಯ ಗಂಟು ಬೇಡ, ಪೇಟೆಯ ಡಬ್ಬಿ ಬೇಕು. ನೋಡಿದವರು ತಾಜಾ ಅನ್ನಬೇಕು. ಅದಕ್ಕೇ ನಾನು ಬಂದದ್ದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆಯಲ್ಲಿ ಆ ಮಲ್ಲಿಗೆಯೇ ನಾನು.

ಹೊರಡುವ ಮುನ್ನಾದಿನವೆಲ್ಲ ಅಡುಗೆಮನೆಯಲ್ಲಿ ಒಲೆ ಆರಲಿಲ್ಲ. ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಬುತ್ತಿ ಅನ್ನ. ಅಂಥ ರೊಟ್ಟಿ ನಾನು ಮತ್ತೆಲ್ಲೂ ಕಾಣಲಿಲ್ಲ. ಕಾಗದದಷ್ಟು ತೆಳ್ಳಗೆ, ಮುರಿದರೆ ಚಟ್ ಎನ್ನುತ್ತಿತ್ತು. ನನ್ನ ತಳಕ್ಕೆ ಹೆಪ್ಪುಗಟ್ಟಿದ ಐಸಿನ ಚೀಲಗಳನ್ನು ಹಾಸಿ, ಮೇಲೆ ಬುತ್ತಿ ಅನ್ನದ ಡಬ್ಬಿ ಇಟ್ಟು, ಆಮೇಲೆ ರೊಟ್ಟಿಗಳನ್ನು ಜೋಡಿಸಲು ಬಂದಳು. ಗಂಡ ಫಕೀರಪ್ಪ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದ.

“ಅಲ್ಲಾ, ಖಡಕ್ ರೊಟ್ಟಿ ಯಾಕ ಥಂಡ್ಯಾಗ ಇಡ್ತಿ? ಮೆತ್ತಗಾಗತಾವ.”

“ನನಗ ರೊಟ್ಟಿ ಕಲಿಸಾಕ ಬಂದ್ರೇನು? ಆ ಮನ್ಯಾಗ ಥಂಡ್ಯಾಗಿಂದ ತಗದದ್ದಕ್ಕ ತಾಜಾ ಅಂತಾರ. ಸುಮ್ನ ಕುಂದರ್ರಿ.”

ಕಾಶವ್ವನಿಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಮುಚ್ಚಳ ಹಾಕುವ ಮುಂಚೆ ಅವಳು ಒಂದು ರೊಟ್ಟಿಯನ್ನು ಎತ್ತಿ ನೋಡಿ, ಒಂದು ಗಳಿಗೆ ನಿಂತು, ಮತ್ತೆ ಒಳಗೇ ಇಟ್ಟಳು. ತಿಳಿದವರು ತಿಳಿದೇ ಮಾಡುವ ತಪ್ಪಿಗೆ ಔಷಧಿಯಿಲ್ಲ.

ವಿಮಾನ ನಿಲ್ದಾಣದಲ್ಲಿ ಅವಳು ನನ್ನನ್ನು ನೆಲಕ್ಕಿಡಲಿಲ್ಲ. ಕೂತಾಗ ತೊಡೆಯ ಮೇಲೆ, ನಿಂತಾಗ ಕಂಕುಳಲ್ಲಿ. ವಿಮಾನ ಹತ್ತುವ ಬಾಗಿಲ ಹತ್ತಿರ ಒಂದು ಕಬ್ಬಿಣದ ಚೌಕಟ್ಟು ಇತ್ತು. ಅದರೊಳಗೆ ಇಳಿದ ಚೀಲಕ್ಕೆ ಮೇಲೆ ಹೋಗಲು ಅಪ್ಪಣೆ, ಇಳಿಯದ್ದು ವಿಮಾನದ ಹೊಟ್ಟೆಗೆ. ಅಲ್ಲಿ ನಿಂತಿದ್ದ ಹುಡುಗಿ ನನ್ನನ್ನು ಅದರಲ್ಲಿ ಇಳಿಸಲು ನೋಡಿದಳು. ಅಡ್ಡ ಹಾಕಿದಳು, ಉದ್ದ ಹಾಕಿದಳು. ನನ್ನ ದಪ್ಪ ಗೋಡೆ ಅಂಚಿಗೆ ಸಿಕ್ಕಿಕೊಂಡು ಕುಂಯ್ ಎಂದಿತು. ಎರಡು ಬೆರಳಿನಷ್ಟು ಹೆಚ್ಚು.

“ಅಮ್ಮಾ, ಇದು ಹಿಡಿಸಲ್ಲ. ಕೆಳಗೆ ಹಾಕ್ತೀವಿ, ದೆಹಲಿಯಲ್ಲಿ ಸಿಗುತ್ತೆ.”

“ಕುಬಸದ ಬುತ್ತಿ ಐತೆವ್ವಾ ಇದರಾಗ. ಕೈ ಬಿಡಾಂಗಿಲ್ಲ.”

ಹಿಂದಿದ್ದವರು ಗೊಣಗತೊಡಗಿದರು. ಅಷ್ಟರಲ್ಲಿ ಒಬ್ಬ ಮುದುಕ ಅರಿವೆಯ ಗಂಟೊಂದನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಹೋದ. ಹುಡುಗಿ ಅದನ್ನು ಮುಟ್ಟಿ ಅದುಮಿ ಬಿಟ್ಟುಬಿಟ್ಟಳು. ಗಂಟಿಗೆ ಯಾವ ಚೌಕಟ್ಟು? ಎಲ್ಲಿ ಒತ್ತಿದರೆ ಅಲ್ಲಿ ಜಾಗ ಬಿಡುತ್ತದೆ.

ಹುಡುಗಿ ಕೆಟ್ಟವಳಲ್ಲ. ಮೆಲ್ಲಗೆ ಹೇಳಿದಳು, “ಒಳಗಿರೋ ಊಟ ತೆಗೆದು ಒಂದು ಚೀಲದಲ್ಲಿ ಹಾಕ್ಕೊಳ್ಳಿ ಅಮ್ಮಾ. ಚೀಲ ನಾನು ಕೊಡ್ತೀನಿ. ಖಾಲಿ ಬಾಕ್ಸ್ ಮಾತ್ರ ಕೆಳಗೆ ಹೋಗಲಿ.”

ಇಲ್ಲಿ ಎಲ್ಲವೂ ಸರಿಹೋಗಬಹುದಿತ್ತು. ಕಾಶವ್ವ ಹುಡುಗಿಯ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಚೀಲ ಹಿಡಿದುಕೊಂಡು ಆ ಬೀಗಿತ್ತಿಯ ಬಾಗಿಲಿಗೆ ಹೇಗೆ ಹೋಗುವುದು? ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು, “ಡಬ್ಬಿ ಸಮೇತನ ಕಳಸ್ರಿ. ಜ್ವಾಕಿ.”

ನನ್ನ ಹಿಡಿಗೆ ಒಂದು ಪಟ್ಟಿ ಕಟ್ಟಿದರು. ಅವಳು ಖಾಲಿ ಕೈ ಬೀಸುತ್ತ ಮೆಟ್ಟಿಲು ಹತ್ತಿದಳು. ನಾನು ಸೂಟ್‌ಕೇಸುಗಳ ಕಾಲ ಕೆಳಗೆ ಬಿದ್ದೆ.

ಮುಂಬೈಯಲ್ಲಿ ವಿಮಾನ ಬದಲಾಗಬೇಕಿತ್ತು. ಕಾಶವ್ವ ಬದಲಾಯಿಸಿದಳು, ನನ್ನನ್ನು ಯಾರೂ ಬದಲಾಯಿಸಲಿಲ್ಲ. ಒಂದು ಗೋಡೆಯ ಬುಡದಲ್ಲಿ, ಏಪ್ರಿಲ್ಲಿನ ಬಿಸಿಲಲ್ಲಿ ನನ್ನನ್ನು ಮರೆತರು. ಶಕ್ತಿ ಮೀರಿ ತಂಪು ಹಿಡಿದೆ. ಆದರೆ ಯಾವ ಗೋಡೆಗೂ ಒಂದು ಮಿತಿಯಿದೆ. ಐಸು ಕರಗಿತು, ಚೀಲವೊಂದು ಒಡೆಯಿತು, ಒಳಗೆಲ್ಲ ಪಸೆ. ಚಟ್ ಎನ್ನುತ್ತಿದ್ದ ರೊಟ್ಟಿಗಳು ಒಂದೊಂದಾಗಿ ಬಾಗಿ ನನ್ನ ಗೋಡೆಗೆ ಅಂಟಿಕೊಂಡವು. ಹದಿನೈದು ದಿನವಾದರೂ ಕೆಡದ ರೊಟ್ಟಿ ನನ್ನ ಹೊಟ್ಟೆಯಲ್ಲಿ ಕೆಟ್ಟಿತು. ಆ ವಾಸನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದವರು ಯಾರಾದರೂ ಇದ್ದರೆ ಅವರಿಗೆ ಮಾತ್ರ ನನ್ನ ಸಂಕಟ ಗೊತ್ತಾದೀತು.

ನಾನು ದಿಲ್ಲಿಯ ಮನೆ ಮುಟ್ಟಿದಾಗ ಕುಬಸ ಮುಗಿದು ಎರಡು ದಿನವಾಗಿತ್ತು. ಹೋಟೆಲಿನಿಂದ ತರಿಸಿದ ಊಟದಲ್ಲೇ ಶಾಸ್ತ್ರ ಮುಗಿಸಿದ್ದರು. ತವರಿನ ಬುತ್ತಿ ಎಲ್ಲಿ ಎಂದು ಬಂದವರು ಕೇಳಿದಾಗಲೆಲ್ಲ ಕಾಶವ್ವ “ಬರಾಕತ್ತೈತ್ರಿ, ಬರಾಕತ್ತೈತಿ” ಎಂದಿದ್ದಳಂತೆ. ಆಮೇಲೆ ಜನ ಕೇಳುವುದನ್ನೇ ಬಿಟ್ಟರಂತೆ.

ಅಡುಗೆಮನೆಯ ಕಟ್ಟೆಯ ಮೇಲೆ ನನ್ನನ್ನಿಟ್ಟು ಮುಚ್ಚಳ ತೆಗೆದರು. ವಾಸನೆಗೆ ಇಂದುಮತಿ ಮೂಗಿಗೆ ಸೆರಗು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಬಗ್ಗಿ ನೋಡಿದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಕನಿಕರವಿತ್ತು. ಅದೇ ಹೆಚ್ಚು ಚುಚ್ಚಿತು.

“ಅಯ್ಯ, ಖಡಕ್ ರೊಟ್ಟಿ! ಎಷ್ಟು ವರ್ಷ ಆತು ತಿಂದು. ಅಲ್ರೀ ಕಾಶವ್ವಾರ, ರೊಟ್ಟಿ ಯಾರಾದ್ರೂ ಐಸಿನ ಮ್ಯಾಲ ಇಡ್ತಾರೇನ್ರೀ? ಅರಿವ್ಯಾಗ ಸುತ್ತಿದ್ರ ಆರಾಮ ಬರ್ತಿದ್ವಲ್ಲ.”

ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗೆ. ಜೀವಮಾನವಿಡೀ ರೊಟ್ಟಿ ಬಡಿದವಳು ತಲೆ ತಗ್ಗಿಸಿ ಅದನ್ನು ಕೇಳಿಸಿಕೊಂಡಳು. ಯಾರ ಕಣ್ಣಿಗೆ ದೊಡ್ಡವಳಾಗಲು ನನ್ನನ್ನು ಕೊಂಡಿದ್ದಳೋ, ಅವರ ಬಾಯಿಂದಲೇ ಅದು ಬಂತು.

ಶಿವಲೀಲಾ ಹೊಟ್ಟೆ ಹೊತ್ತುಕೊಂಡು ಮುಂದೆ ಬಂದು, ನನ್ನೊಳಗೆ ಕೈ ಹಾಕಿ, ಒಂದು ಮೆತ್ತನೆಯ ರೊಟ್ಟಿಯ ಚೂರು ಹರಿದಳು. ಅದರ ಅಂಚಿನಲ್ಲಿ ಹಸಿರು ಬೂಸು ಬಂದಿತ್ತು. “ಏನೂ ಆಗಿಲ್ಲವ್ವಾ, ಚೊಲೋನ ಐತಿ,” ಎಂದು ಬಾಯಿಗೆ ಒಯ್ದಳು.

ಕಾಶವ್ವ ಅವಳ ಮುಂಗೈ ಹಿಡಿದಳು. “ತಿನ್ನಬ್ಯಾಡ. ಹೊಟ್ಟ್ಯಾಗ ಕೂಸೈತಿ.”

“ಒಂದ ತುತ್ತವ್ವಾ.”

“ಬ್ಯಾಡ ಅಂದ್ನೆಲ್ಲ.”

ಮಗಳ ಬೆರಳುಗಳನ್ನು ಬಿಡಿಸಿ ಆ ಚೂರನ್ನು ಕಿತ್ತುಕೊಂಡಳು. ಮೊದಲ ತುತ್ತು ಉಣಿಸಲು ಹುಬ್ಬಳ್ಳಿಯಿಂದ ಬಂದಿದ್ದ ಕೈ ಅದು. ನನ್ನನ್ನು ಚೌಕಟ್ಟಿಗೆ ತುರುಕಿದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ.

ಕಾಶವ್ವ ನನ್ನನ್ನು ತೊಳೆದು, ಬಿಸಿಲಿಗೆ ಬೋರಲು ಹಾಕಿ, ಅಲ್ಲೇ ಬಿಟ್ಟು ಊರಿಗೆ ಹೋದಳು. ಇಂದುಮತಿ ಕೆಲವು ಬೇಸಿಗೆ ನನ್ನಲ್ಲಿ ಪಾನಕದ ಬಾಟಲಿ ಇಟ್ಟಳು. ಆಮೇಲೆ ಕಾವಲುಗಾರನೊಬ್ಬ ಒಯ್ದು ನೀರಿಟ್ಟುಕೊಂಡ, ಕೆಲಸ ಬಿಡುವಾಗ ಹಿಂದಕ್ಕೆ ತಂದಿಟ್ಟ. ಹಿಡಿ ಮುರಿಯಿತು, ಮುಚ್ಚಳ ಬಿರಿಯಿತು. ಈಗ ಮಾಳಿಗೆಯ ಮೇಲೆ, ನೀರಿನ ಟಾಕಿಯ ನೆರಳಲ್ಲಿ ಬಿದ್ದಿದ್ದೇನೆ.

ಬಟ್ಟೆ ಒಣಹಾಕಲು ಬಂದಾಗ ಶಿವಲೀಲಾ ನನ್ನ ಮೇಲೆ ಕೂತು ತಾಯಿಗೆ ಫೋನ್ ಮಾಡುತ್ತಾಳೆ. ಅವಳ ಮಗಳು ಪಕ್ಕದಲ್ಲಿ ಆಡುತ್ತಿರುತ್ತಾಳೆ. ನಿನ್ನೆಯೂ ಶಿವಲೀಲಾ ಕೇಳಿದಳು, “ಅವ್ವಾ, ನಾಕು ಖಡಕ್ ರೊಟ್ಟಿ ಕಳಸು. ಇಕಿ ಒಮ್ಮಿನೂ ನಿನ್ನ ಕೈ ರೊಟ್ಟಿ ತಿಂದಿಲ್ಲ.”

ಕಾಶವ್ವ ಈಗಲೂ ದಿನಾ ಖಾನಾವಳಿಗಳಿಗೆ ರೊಟ್ಟಿ ಬಡಿಯುತ್ತಾಳೆ. ಊರವರೆಲ್ಲ ತಿನ್ನುತ್ತಾರೆ. ಫೋನಿನಲ್ಲಿ ಅವಳ ದನಿ ಸ್ಪಷ್ಟವಾಗಿ ಕೇಳಿಸಿತು.

“ಯಾಕವ್ವಾ, ಈಗ ದಿಲ್ಲ್ಯಾಗೂ ಸಿಗತಾವಂತಲ್ಲ. ಅಲ್ಲೇ ಕೊಂಡು ತಿನ್ನಸು.”