ಕೊರಲೆ ಹೊಲದ ಹೇಳಿಕೆ

“ಮುಟ್ಬ್ಯಾಡ ಅಂದ್ನಲ್ಲೇ ಮುಂಡೆ! ತಿನ್ನೋ ಕಾಳು ಅದು. ಆಚೆಗ್ ನಿಂತ್ಕೊ.”

ದಯಾನಂದ ಕೂಗಿದ ಮೇಲೆ ಅಂಕಮ್ಮ ಕೈ ಹಿಂದಕ್ಕೆಳೆದುಕೊಂಡಳು. ಜಗಲಿಯ ಮೇಲೆ ಜೋಡಿಸಿದ್ದ ಕೊರಲೆ ಪ್ಯಾಕೆಟ್ಟುಗಳಲ್ಲಿ ಒಂದು ವಾಲಿತ್ತು, ನೆಟ್ಟಗಿಡಲು ಹೋಗಿದ್ದಳು. ಆ ಕೊರಲೆಯನ್ನು ಬಿತ್ತಿದವಳು, ಕೊಯ್ದವಳು, ಕುಟ್ಟಿ ಹಸನು ಮಾಡಿದವಳು ಅವಳೇ. ಪ್ಯಾಕೆಟ್ಟಿನ ಮೇಲೆ ದಯಾನಂದನ ಅಜ್ಜಿಯ ಫೋಟೊ, ಕೆಳಗೆ ‘ನಮ್ಮಜ್ಜಿ ಉಳಿಸಿದ ತಳಿ’ ಎಂದಿತ್ತು. ಆ ಅಜ್ಜಿ ಬದುಕಿದ್ದಷ್ಟು ದಿನ ಕೊರಲೆಯನ್ನು ಅಡಿಗೆಮನೆಯ ಹೊಸಿಲು ದಾಟಿಸಿದವಳಲ್ಲ. ಕೇರಿಯವರ ಕೂಳು ಎನ್ನುತ್ತಿದ್ದಳು.

ಬಿಳಿಗೆರೆ ಕಡೆ ದಯಾನಂದನ ಮನೆಯವರ ತೆಂಗಿನ ತೋಟದ ಅಂಚಿಗೆ, ಹುಣಸೆಮರಗಳ ನೆರಳಲ್ಲಿ, ರಾಗಿಯೂ ಬಾರದ ಕಲ್ಲುನೆಲ. ದಯಾನಂದನ ಅಪ್ಪ ಬಸವರಾಜಪ್ಪ ಅದನ್ನು ಅಂಕಮ್ಮನ ಗಂಡ ಹುಚ್ಚರಂಗಯ್ಯನಿಗೆ ಅರ್ಧ ಪಾಲಿಗೆ ಬಿಟ್ಟಿದ್ದ. ಬಿಟ್ಟನೇ ಹೊರತು ಪಾಲು ಕೇಳಲು ಯಾರೂ ಬರುತ್ತಿರಲಿಲ್ಲ. ಕೊರಲೆ ಯಾರಿಗೆ ಬೇಕಿತ್ತು? ಮೂವತ್ತು ವರ್ಷ ಗಂಡಹೆಂಡಿರು ಬಿತ್ತಿದರು, ಬೀಜ ಕಟ್ಟಿಟ್ಟು ಮತ್ತೆ ಬಿತ್ತಿದರು. ಗಂಡ ಸತ್ತ ಮೇಲೂ ಅವಳು ಬಿಡಲಿಲ್ಲ.

ಹೋದ ವರ್ಷ ಪೇಟೆಯಲ್ಲಿ ಕೊರಲೆಯಂಥ ಸಿರಿಧಾನ್ಯಕ್ಕೆ ಬೆಲೆ ಬಂತು. ದಯಾನಂದ ಟ್ರ್ಯಾಕ್ಟರು ತಂದು ರಾಶಿಯ ಜೊತೆಗೆ ಅವಳ ಮನೆಯೊಳಗಿದ್ದ ಬೀಜದ ಮೂಟೆಯನ್ನೂ ಹೇರಿಕೊಂಡ.

“ನಮ್ ಪಾಲು ಬುದ್ಧಿ...” ಎಂದಿದ್ದಳು.

“ಯಾವ್ ಪಾಲೇ? ರೇಷನ್ ಅಕ್ಕಿ ಬತ್ತೈತಲ್ಲ, ಉಣ್ಣು. ಬೇಕಿದ್ರೆ ಕೂಲಿಗೆ ಬಾ, ಇಲ್ದಿದ್ರೆ ಬುಡು.”

ಕೂಲಿಗೆ ಬಂದಳು.

ಇವತ್ತು ಸಾವಯವ ಸರ್ಟಿಫಿಕೇಟು ಕೊಡುವ ಕಂಪನಿಯಿಂದ ನಿರ್ಮಲಾ ಎಂಬ ಹೆಣ್ಣುಮಗಳು ಹೊಲ ನೋಡಲು ಬಂದಳು. ಅವಳು ಕಾರಿಳಿಯುವ ಮೊದಲೇ ದಯಾನಂದ ಅಂಕಮ್ಮನಿಗೆ ಹೇಳಿಕೊಟ್ಟಿದ್ದ: “ಕೇಳುದ್ರೆ, ಕೊಟ್ಗೆ ಗೊಬ್ರ ಬಿಟ್ರೆ ಏನೂ ಹಾಕಿಲ್ಲ ಅನ್ನು. ಅಷ್ಟೇ. ಜಾಸ್ತಿ ಬಾಯಿ ಬುಟ್ಟೀಯ.”

ಅದು ನಿಜವೇ ಆಗಿತ್ತು. ಮೂವರೂ ಹೊಲದ ಬದುವಿಗೆ ಹೋದರು. ಈ ಸಲದ ಕೊರಲೆ ತೆನೆ ಬಾಗಿಸಿ ನಿಂತಿತ್ತು.

“ಕಳೆಗೆ ಏನ್ ಮಾಡ್ತೀರಮ್ಮ?” ನಿರ್ಮಲಾ ಕೇಳಿದಳು.

ಅಂಕಮ್ಮ ಕಳೆ ಕಿತ್ತು ಕಿತ್ತು ಸವೆದ ತನ್ನ ಉಗುರುಗಳನ್ನು ನೋಡಿಕೊಂಡಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ.

“ಔಷ್ದ ಹೊಡಿತೀವಿ ಕಣವ್ವ.”

“ಯಾವ ಔಷಧಿ?”

“ಹುಲ್ಲು ಸುಡೋದು. ತೋಟಕ್ಕೆ ಹೊಡೆಯೋದ್ನೇ ಇಲ್ಗೂ ಹೊಡ್ದೆ. ಹೋದೊರ್ಸಾನೂ ಹೊಡ್ದೆ, ಈ ಒರ್ಸಾನೂ ಹೊಡ್ದೆ.”

“ಸುಳ್ಳು ಬೊಗಳ್ತಾವ್ಳೆ ಮೇಡಂ! ಲೇ ಬೇವರ್ಸಿ, ನಿನ್ ನಾಲ್ಗೆ ಸೇದೋಗ!”

“ನಾನೇ ಬೆನ್ಮ್ಯಾಲೆ ಕ್ಯಾನು ಹೊತ್ತಿದ್ದು,” ಎಂದಳು ಅಂಕಮ್ಮ, ಅವನ ಕಡೆ ನೋಡದೆ.

ಮೂವತ್ತು ವರ್ಷದಲ್ಲಿ ಆ ನೆಲಕ್ಕೆ ಒಂದು ತೊಟ್ಟು ವಿಷ ಬಿದ್ದಿರಲಿಲ್ಲ.

ನಿರ್ಮಲಾ ಫೈಲು ತಿರುವಿದಳು. “ಹಾಗಾದ್ರೆ ಆಗಲ್ಲ ಸಾರ್. ಔಷಧಿ ಬಿದ್ದ ನೆಲ ಅಂದ್ರೆ ಸರ್ಟಿಫಿಕೇಟಿಗೆ ಇನ್ನು ಮೂರು ವರ್ಷ ಕಾಯ್ಬೇಕು.” ಆಮೇಲೆ ಅಂಕಮ್ಮನ ಕಡೆ ತಿರುಗಿ, “ನಿಮ್ಮ ಹೇಳಿಕೆ ಬರ್ಕೋತೀನಮ್ಮ. ಹೆಸರು? ಕೂಲಿಯವರು ಅಂತ ಹಾಕ್ಲಾ?”

“ಅಂಕಮ್ಮ. ಬೆಳ್ದೋಳು ಅಂತ ಹಾಕವ್ವ.”

ನಿರ್ಮಲಾ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡಳು. ಇನ್ನು ಇತ್ತ ಬಂದರೆ ಕಾಲು ಮುರಿಯುತ್ತೇನೆಂದು ದಯಾನಂದ ಅರಚುತ್ತಲೇ ಇದ್ದ. ಗುಬ್ಬಿಗಳ ಹಿಂಡೊಂದು ಬಂದು ತೆನೆಗಳ ಮೇಲೆ ಇಳಿಯಿತು. ಅಂಕಮ್ಮ ಅದನ್ನು ನೋಡಿದಳು. ಓಡಿಸಲು ಅವಳ ಕೈ ಏಳಲಿಲ್ಲ.