ಬಾಲದ ತೂಕ

ವಿಮಾನದ ಬಾಲ ಮೂರನೆಯ ಸಲವೂ ಕೆಳಗೆ ಜಗ್ಗಿತು. ಅದು ಬೆಂಚಿಗೆ ಬಡಿಯದಿರಲೆಂದು ಮಾನಪ್ಪ ಬಡಿಗೇರ ಎರಡೂ ಕೈಯೊಡ್ಡಿ ಹಿಡಿದುಕೊಂಡ. ಮಸ್ಕಿಯ ಅವನ ಶೆಡ್ಡಿನಲ್ಲಿ ತೊಲೆಗೆ ಹಗ್ಗ ಕಟ್ಟಿ, ಮೇಲಿನ ರೆಕ್ಕೆಯ ನಡುವೆ ಸಿಕ್ಕಿಸಿ ವಿಮಾನವನ್ನು ತೂಗಬಿಟ್ಟಿದ್ದರು. ಮೂಗು, ಬಾಲ ಎರಡೂ ತಕ್ಕಡಿಯ ಹಾಗೆ ಸಮನಾಗಿ ನಿಂತರೆ ಮಾತ್ರ ಅದು ಹಾರುವುದು. ಬಾಲ ಇಳಿದರೆ ನೆಲ ಬಿಟ್ಟ ಮರುಗಳಿಗೆಯಲ್ಲೇ ತಲೆಯೆತ್ತಿ ಮಗುಚಿ ಬೀಳುವುದು ಎಂದು ಮಹೇಶ್ವರಿ ಮೊದಲೇ ಹೇಳಿದ್ದಳು.

ಮಹೇಶ್ವರಿ ಲಿಂಗಸುಗೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಓದುವ ದಿನಗಳಲ್ಲಿ ಮೊಳದುದ್ದದ ಪುಟ್ಟ ವಿಮಾನಗಳನ್ನು ರಿಮೋಟಿನಿಂದ ಹಾರಿಸಿದ್ದಳಂತೆ. ನಲವತ್ತು ದಾಟಿದ ಮೇಲೆ ಒಂದು ದೊಡ್ಡದು, ಹಳೆಯ ಕಾಲದ್ದು, ಒಂದರ ಮೇಲೊಂದು ಎರಡು ರೆಕ್ಕೆ ಇರುವಂಥದ್ದು ಮಾಡಿ ಹಾರಿಸಬೇಕೆಂಬ ಆಸೆ ಅವಳನ್ನು ಹಿಡಿಯಿತು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂಬತ್ತು ಅಡಿ. ಅವಳ ಬಾಡಿಗೆ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಇಂಜಿನ್ ಕೆಲಸ ಬಲ್ಲ ಅಜೀಮ್ ಇದ್ದದ್ದು ಸಿಂಧನೂರಿನಲ್ಲಿ. ಬೆಳೆಗೆ ಔಷಧದ ಎಣ್ಣೆ ಹೊಡೆಯುವ ಪಂಪು, ಕಳೆ ಕತ್ತರಿಸುವ ಯಂತ್ರ ರಿಪೇರಿ ಮಾಡುವ ಅಂಗಡಿ ಅವನದು. ಎರಡೂರಿನ ನಡುವೆ ಮಸ್ಕಿ. ಮಸ್ಕಿಯಲ್ಲಿ ಎಲ್ಲಕ್ಕಿಂತ ಉದ್ದನೆಯ ಬೆಂಚಿದ್ದದ್ದು ಮಾನಪ್ಪನ ಶೆಡ್ಡಿನಲ್ಲಿ. ಹಾಗೆ ಮೂವರೂ ಕೂಡಿಕೊಂಡು ಎಂಟು ತಿಂಗಳಾಗಿತ್ತು. ಭಾನುವಾರ ಬಂತೆಂದರೆ ಶೆಡ್ಡಿನಲ್ಲಿ ಚಹಾದ ಕೆಟಲ್ ಎರಡು ಸಲ ತುಂಬಬೇಕಾಗುತ್ತಿತ್ತು.

ಆವತ್ತು ಬೆಂಚಿನ ಮೇಲೆ ಎರಡು ಇಂಜಿನ್‌ಗಳಿದ್ದವು. ಒಂದು ಮಹೇಶ್ವರಿ ಹೊರಗಿನಿಂದ ತರಿಸಿದ್ದು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಒಂದೂವರೆ ಕಿಲೋಗೂ ಕಡಿಮೆ. ಇನ್ನೊಂದು ಅಜೀಮ್ ಗೋಣಿಚೀಲದಲ್ಲಿ ಸುತ್ತಿ ತಂದದ್ದು. ದಾಳಿಂಬೆ ತೋಟದಲ್ಲಿ ಗುಂಡಿ ತೋಡುವ ಯಂತ್ರದಿಂದ ಬಿಚ್ಚಿ, ಬೇಡದ ಕಬ್ಬಿಣವನ್ನೆಲ್ಲ ಕಳಚಿದ್ದರೂ ಎರಡೂವರೆ ಕಿಲೋ ದಾಟುತ್ತಿತ್ತು. ಹಾರುವ ವಸ್ತುವಿಗೆ ಹಗುರ ಇಂಜಿನ್ನೇ ಸರಿ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದನ್ನೇ ಮೂಗಿಗೆ ಬಿಗಿದು ನೋಡಿದ್ದರು. ಬಾಲ ನೆಲಕ್ಕೆ ಬಂತು. ಮಹೇಶ್ವರಿ ಮೂಗಿಗೆ ಸೀಸದ ಗುಂಡು ಕಟ್ಟುತ್ತಾ ಹೋದಳು. ಎರಡು ಕಿಲೋ ಸೀಸ ಕಟ್ಟಿದ ಮೇಲೆ ವಿಮಾನ ನೆಟ್ಟಗಾಯಿತು.

ಅಜೀಮ್ ಮೂಗಿಗೆ ಕಟ್ಟಿದ ಸೀಸವನ್ನು ಬೆರಳಿನಿಂದ ತಟ್ಟಿದ.

"ಸುಮ್ಕ ಸೀಸ ಹೊತ್ಕೊಂಡು ಯಾಕ ಹಾರಬೇಕ್ರಿ ಮೇಡಂ?" ಎಂದ. "ಆ ಸೀಸದ ಬದ್ಲಿ ನನ್ನ ಇಂಜಿನ್ನ ಹೊರ್ಲಿ. ತೂಕಕ್ಕ ತೂಕಾನೂ ಆತು, ಜೋರಿಗೆ ಜೋರೂ ಬಂತು."

ಮಹೇಶ್ವರಿ ಪುಸ್ತಕ ತೆಗೆದು ಲೆಕ್ಕ ಹಾಕಿದಳು. ಆಮೇಲೆ ನಕ್ಕಳು. ಇಂಜಿನ್ ಹಗುರಿದ್ದಷ್ಟೂ ಒಳ್ಳೆಯದು ಎಂದು ಕಣ್ಣುಮುಚ್ಚಿ ನಂಬಿಬಿಟ್ಟಿದ್ದೆ, ಆ ಕಾಲದ ವಿಮಾನಗಳಿಗೆ ಮೂಗು ಮೋಟು ಎಂಬುದನ್ನೇ ಮರೆತೆ ಎಂದಳು. ಹೊಳೆಯುವ ಇಂಜಿನ್ನನ್ನು ಬಿಚ್ಚಿ ಡಬ್ಬಿಗೆ ಹಾಕಿ, ಅಜೀಮನದನ್ನು ಬಿಗಿದರು. ಅದಕ್ಕೆ ವೇಗ ಕಡಿಮೆ, ಆದರೆ ದೊಡ್ಡ ಪಂಖವನ್ನು ನಿಧಾನಕ್ಕೆ, ಗಟ್ಟಿಯಾಗಿ ತಿರುಗಿಸುತ್ತಿತ್ತು. ಎರಡು ರೆಕ್ಕೆಯ ಭಾರೀ ಮೈಗೆ ಬೇಕಾದದ್ದೂ ಅದೇ.

ಆದರೂ ಬಾಲ ಇನ್ನೂ ಇಳಿದೇ ಇತ್ತು. ಸಮನಾಗಲು ಎಂಟುನೂರು ಗ್ರಾಂ ಸೀಸ ಬೇಕಾಯಿತು.

"ಬಾಲದಾಗಿನ ಒಂದು ಗ್ರಾಮಿಗೆ ಮೂಗಿನಾಗ ಮೂರು ಗ್ರಾಂ ಬೇಕಾಗ್ತದ, ಕಾಕಾ," ಎಂದು ಮಹೇಶ್ವರಿ ಮೆಲ್ಲಗೆ ಹೇಳಿದಳು. "ಬಾಲ ಅಷ್ಟು ದೂರ ಐತಿ, ಮೂಗು ಇಷ್ಟು ಹತ್ರ ಐತಿ."

ಮಾನಪ್ಪನಿಗೆ ಅರ್ಥವಾಯಿತು. ಬಾಲ ಮಾಡಿದವನು ಅವನೇ.

ಸುತ್ತಲಿನ ಊರುಗಳಲ್ಲಿ ಮಾನಪ್ಪನ ಬಾಗಿಲೆಂದರೆ ಹೆಸರು. ನಾಲ್ಕು ಜನ ಹಿಡಿದರೂ ಚೌಕಟ್ಟು ಏಳಲು ಒದ್ದಾಡಬೇಕು, ಆಗಲೇ ಮನೆಯವರ ಮುಖ ಅರಳುವುದು. ಅರವತ್ತೊಂದು ವರ್ಷದ ಅವನ ಕೈ ಕಲಿತದ್ದೇ ಹಾಗೆ. ವಿಮಾನದ ಬಾಲಕ್ಕೂ ಅವನು ಹಳೆಯ ಸಾಗವಾನಿ ತೆಗೆದಿದ್ದ, ಮೂಲೆಮೂಲೆಗೂ ಮರಕ್ಕೆ ಮರ ಕಚ್ಚಿಸುವ ಕೂಡುಗಚ್ಚು ಹಾಕಿದ್ದ, ಯಾರೂ ಕೇಳದಿದ್ದರೂ ನಿಲುವು ಪಟ್ಟಿಯ ಬುಡದಲ್ಲಿ ಸಣ್ಣದೊಂದು ಕಮಲ ಕೆತ್ತಿದ್ದ. ಬಾಲವೊಂದೇ ಆರುನೂರ ನಲವತ್ತು ಗ್ರಾಂ. ಸೀಸವೇ ಬೇಡವೆಂದರೆ ಅದರಲ್ಲಿ ಇನ್ನೂರ ಎಪ್ಪತ್ತು ಗ್ರಾಂ ಇಳಿಯಬೇಕಿತ್ತು.

"ಅಂದ್ರ ತಪ್ಪು ನಂದಾತು," ಎಂದ.

"ತಪ್ಪಲ್ಲ ಕಾಕಾ. ಭಾಳ ಗಟ್ಟಿ ಆಗೇತಿ, ಅಷ್ಟ."

"ಗಟ್ಟಿ ಬ್ಯಾಡಂದ್ರ ಬ್ಯಾರೆಯವ್ರ ಕಡೆ ಮಾಡಿಸ್ರಿ. ನನಗ ಪೊಳ್ಳು ಕೆಲಸ ಬರಂಗಿಲ್ಲ."

ಅದನ್ನು ಅವನು ಸಿಟ್ಟಿನಿಂದೇನೂ ಹೇಳಲಿಲ್ಲ. ಉಳಿಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಯಲ್ಲಿಟ್ಟ. ಉಳಿದಿಬ್ಬರೂ ಸ್ವಲ್ಪ ಹೊತ್ತು ಅತ್ತಿತ್ತ ತಿರುಗಾಡಿ, ಚಹಾ ಕುಡಿಯದೆ ಹೊರಟುಹೋದರು.

ಮರುದಿನ ಅವನೊಬ್ಬನೇ ಬಾಲವನ್ನು ಬಿಚ್ಚಿ ಹತ್ತರಿ ಹಿಡಿದು ಹೆರೆಯತೊಡಗಿದ. ಎಷ್ಟು ತೆಗೆದರೂ ಐವತ್ತು ಗ್ರಾಮಿಗಿಂತ ಹೆಚ್ಚು ಇಳಿಯಲಿಲ್ಲ. ಇನ್ನೂ ತೆಗೆದರೆ ಕೂಡುಗಚ್ಚು ಸಡಿಲಾಗುತ್ತಿತ್ತು. ಸಾಗವಾನಿ ಸಾಗವಾನಿಯೇ. ಕೆಲಸ ಬರುವುದಿಲ್ಲ ಎಂದು ನಿನ್ನೆ ಮೊಂಡುತನಕ್ಕೆ ಹೇಳಿದ ಮಾತು ಇವತ್ತು ನಿಜವಾಗಿ ಕಂಡು ಅವನಿಗೆ ಒಂಥರಾ ಆಯಿತು.

ಬುಧವಾರ ಅಜೀಮ್ ಬೈಕಿನ ಮೇಲೆ ಬಂದ. ಬಾಲದ ಸುದ್ದಿ ಎತ್ತಲಿಲ್ಲ. ಸಿಂಧನೂರಿನಾಚೆ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ ಒಬ್ಬರಿಗೆ ಪಂಪು ಕೊಡುವುದಿದೆ, ಜತೆಗೆ ಬರ್ತೀರೇನು ಕಾಕಾ ಎಂದಷ್ಟೇ ಕೇಳಿದ. ಇಲ್ಲವೆನ್ನಲು ಕೈಯಲ್ಲಿ ಬೇರೆ ಕೆಲಸವೂ ಇರದ್ದರಿಂದ ಮಾನಪ್ಪ ಹಿಂದೆ ಕೂತ.

ಪಂಪು ಕೊಡಬೇಕಾದ ಮನೆಯ ಜಗುಲಿಯಲ್ಲಿ ಒಬ್ಬ ಬಂಗಾಳಿ ಮುದುಕ ಮೀನು ಹಿಡಿಯುವ ಬಿದಿರಿನ ಬುಟ್ಟಿ ಹೆಣೆಯುತ್ತಿದ್ದ. ನಿತಾಯಿ ಎಂದು ಹೆಸರು. ಅಜೀಮ್ ಪಕ್ಕದಲ್ಲಿದ್ದ ಮುಗಿದ ಬುಟ್ಟಿಯೊಂದನ್ನು ಎತ್ತಿ ಮಾನಪ್ಪನ ಕೈಗೆ ಕೊಟ್ಟ. ನೀರಿನ ಕೊಡಕ್ಕಿಂತ ದೊಡ್ಡದು. ಭಾರವಿರುತ್ತದೆಂದು ಎಣಿಸಿ ಎತ್ತಿದ ಮಾನಪ್ಪನ ಕೈ ತಾನಾಗಿ ಮುಖದವರೆಗೆ ಹೋಯಿತು. ಎರಡು ಅಂಗೈ ನಡುವೆ ಒತ್ತಿ ನೋಡಿದ. ಬಗ್ಗಿತು, ಬಿಟ್ಟೊಡನೆ ಮೊದಲಿನಂತೆ ನಿಂತಿತು. ನಲವತ್ತು ವರ್ಷಗಳಿಂದ ಕಾಲುವೆ ದಂಡೆಯಲ್ಲಿ ಇಂಥವನ್ನು ನೋಡುತ್ತಲೇ ಬಂದಿದ್ದ, ಒಂದು ದಿನವೂ ಮುಟ್ಟಿರಲಿಲ್ಲ. ಬಿದಿರೆಂದರೆ ಅವನ ಲೆಕ್ಕದಲ್ಲಿ ನಿಚ್ಚಣಿಕೆಗೆ, ಹಂದರಕ್ಕೆ.

ಅಜೀಮ್ ಇದಕ್ಕೇ ಕರೆತಂದನೆಂದು ಆಗ ತಿಳಿಯಿತು. ಮಾನಪ್ಪ ಅವನ ಮುಖ ನೋಡಿದ. ಅಜೀಮ್ ಪಂಪಿನ ದಾರ ಜಗ್ಗುವುದರಲ್ಲೇ ಮಗ್ನನಾಗಿದ್ದ.

ಮಾನಪ್ಪ ಚಪ್ಪಲಿ ಕಳಚಿ ಮುದುಕನೆದುರು ಕೂತ. ಬಿದಿರು ಸೀಳುವುದನ್ನು ತೋರಿಸಬೇಕೆಂದು ಕೇಳಿಕೊಂಡ. ಅವನ ಕಸುಬಿನಲ್ಲಿ ಕಟ್ಟಿಗೆ ನಿಲ್ಲುತ್ತದೆ, ಹತ್ಯಾರ ಚಲಿಸುತ್ತದೆ. ಇಲ್ಲಿ ಎಲ್ಲವೂ ತಿರುಗುಮುರುಗು. ನಿತಾಯಿ ಕತ್ತಿಯನ್ನು ಪಾದದಡಿ ಒತ್ತಿ ನಿಲ್ಲಿಸಿ, ಬಿದಿರಿನ ಸೀಳನ್ನೇ ಅದರ ಮೇಲೆ ಎಳೆಯುತ್ತಿದ್ದ. ಸುರುಳಿ ಸುರುಳಿಯಾಗಿ ಹೊಟ್ಟು ಬಿಚ್ಚಿ ಬೀಳುತ್ತಿತ್ತು. ಮಾನಪ್ಪ ತನಗೆ ಕೊಟ್ಟ ಸೀಳಿನ ಹಸಿರು ಮೇಲ್ಮೈಯನ್ನು ನುಣ್ಣಗೆ ಹೆರೆದು ತೋರಿಸಿದ. ಮುದುಕ ಅದನ್ನು ಹಿಡಿದು ಮುರಿದು ಅಂಗಳಕ್ಕೆ ಒಗೆದ.

"ಮೇಲಿಂದು ಬಿಡಬೇಕು," ಎಂದ. "ತಾಕತ್ತೆಲ್ಲ ಸಿಪ್ಪೇಲಿ. ಒಳಗಿಂದು ತೆಗೀಬೇಕು."

ಇಷ್ಟು ವರ್ಷದಲ್ಲಿ ಮಾನಪ್ಪನ ಕೆಲಸವನ್ನು ಹೀಗೆ ಒಗೆದವರಿರಲಿಲ್ಲ. ಅವನಿಗೆ ನಗು ಬಂತು. ಇನ್ನೊಂದು ಸೀಳು ಕೊಡೆಂದು ಕೈ ಚಾಚಿದ.

ಆಮೇಲೆ ಮೂರು ದಿನ ಅವನು ಬೆಳಗಿನ ಬಸ್ಸು ಹಿಡಿದು ಸಿಂಧನೂರಿಗೆ, ಅಲ್ಲಿಂದ ಟಂಟಂ ಆಟೋ ಹತ್ತಿ ಕ್ಯಾಂಪಿಗೆ ಹೋದ. ಇದೇನು ದಿನಾ ಬುತ್ತಿ ಕಟ್ಟಿಸಿಕೊಂಡು ಹೊರಡುವುದು ಎಂದು ಹೆಂಡತಿ ಯಮನೂರಮ್ಮ ವಿಚಾರಿಸಿದಳು. ಕಲಿಯಾಕ ಹೊಂಟೀನಿ ಎಂದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಇನ್ನೊಂದು ರೊಟ್ಟಿ ಸೇರಿಸಿ ಗಂಟು ಕಟ್ಟಿದಳು.

ನಾಲ್ಕನೆಯ ದಿನ ಶೆಡ್ಡಿನಲ್ಲಿ ಹೊಸ ಬಾಲಕ್ಕೆ ಕೈಹಾಕಿದ. ಬಿದಿರಿನ ತೆಳು ಪಟ್ಟಿಗಳನ್ನು ಬೆಂಕಿಯ ಬಿಸಿಗೆ ಹಿಡಿದು ಬಗ್ಗಿಸಿದ. ವಿಮಾನವನ್ನು ತಿರುಗಿಸುವ ಬಾಲದ ಹಲಗೆಗಳ ಅಂಚು ಒಂದೇ ಪಟ್ಟಿಯಲ್ಲಿ ಸುತ್ತಿಬಂತು, ನಾಲ್ಕು ಮೂಲೆಗೆ ಗಚ್ಚೇ ಬೇಕಾಗಲಿಲ್ಲ. ಆದರೆ ಪಟ್ಟಿ ಕೂಡುವ ಕಡೆ ಮೊಳೆ ಹೊಡೆಯುವಂತಿಲ್ಲ. ದಾರ ಸುತ್ತಿ ಅಂಟು ಸವರಬೇಕು. ದಾರ ಅವನ ದಪ್ಪ ಬೆರಳುಗಳ ನಡುವೆ ಸಿಕ್ಕುಸಿಕ್ಕಾಯಿತು. ಊಟಕ್ಕೆ ಕರೆಯಲು ಬಂದ ಯಮನೂರಮ್ಮ ಬಾಗಿಲಲ್ಲಿ ನಿಂತು ನೋಡುವಷ್ಟು ನೋಡಿದಳು. ಆಮೇಲೆ ದಾರದುಂಡೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಊರ ಅರ್ಧ ಮನೆಗಳ ಕೌದಿ ಹೊಲಿದ ಕೈ ಅದು. ಒಂದೊಂದು ಸುತ್ತನ್ನೂ ಮಗ್ಗುಲಿನದಕ್ಕೆ ತಾಕಿಸಿ, ಮೇಲೊಂದು ಎಳೆಯೂ ಹೆಚ್ಚಾಗದಂತೆ ಸುತ್ತಿ, ಹಲ್ಲಿನಲ್ಲಿ ತುಂಡರಿಸಿದಳು. ಇಪ್ಪತ್ತೆರಡು ಕೂಡಿಕೆ. ಸಂಜೆಯ ಹೊತ್ತಿಗೆ ಅಷ್ಟನ್ನೂ ಅವಳೇ ಮುಗಿಸಿದಳು.

ಬಟ್ಟೆ ಹೊದಿಸಿದ ಮೇಲೆ ಎದುರಿನ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟರು. ಮುನ್ನೂರ ಅರವತ್ತೆಂಟು.

"ಎಷ್ಟಿರಬೇಕಾಗಿತ್ತು?" ಎಂದು ಯಮನೂರಮ್ಮ ಕೇಳಿದಳು.

"ಮುನ್ನೂರ ಎಪ್ಪತ್ತು," ಎಂದ ಮಾನಪ್ಪ.

ಅಂದಿನಿಂದ ಅವನಿಗೆ ತೂಕದ ಹುಚ್ಚು ಹತ್ತಿತು. ಬೋಲ್ಟುಗಳ ತುದಿ ನಟ್ಟು ದಾಟಿ ಚಾಚಿಕೊಂಡಿದೆ ಎಂದು ಅಜೀಮನ ಕೈಯಲ್ಲಿ ಒಂದೊಂದನ್ನೂ ಕೊಯ್ಯಿಸಿದ. ಮಹೇಶ್ವರಿ ಎರಡನೆಯ ಸಲ ಕೆಂಪು ಬಣ್ಣ ಬಳಿಯಬೇಕೆಂದಾಗ, ಬಣ್ಣಕ್ಕೂ ತೂಕ ಐತ್ರಿ ಮೇಡಂ ಎಂದು ಡಬ್ಬಿಯನ್ನೇ ಎತ್ತಿಟ್ಟ. ಕೂರುವ ಜಾಗದಲ್ಲಿ ಚಾಲಕನ ಗೊಂಬೆಯೊಂದು ಇರಲಿ ಎಂಬುದು ಅವಳ ಆಸೆ. ಅದಕ್ಕೆ ಮಾತ್ರ ಒಪ್ಪಿ, ಜೋಳದ ದಂಟಿನ ಬೆಂಡಿನಲ್ಲಿ ಹೆಗಲವರೆಗಷ್ಟೇ ಗೊಂಬೆ ಮಾಡಿಕೊಟ್ಟ. ಕಾಣದ ಕಾಲು ಯಾಕೆ ಹೊರಬೇಕು ಎಂಬುದು ಅವನ ವಾದ. ಗೊಂಬೆಯ ಮೂತಿ ತುಸು ಅಜೀಮನಂತೆಯೇ ಇತ್ತು. ಮತ್ತೆ ತೂಗಬಿಟ್ಟಾಗ ಸೀಸ ಬೇಕಾಗಲಿಲ್ಲ.

ಸಂಕ್ರಾಂತಿ ಮುಗಿದ ಎರಡನೆಯ ಭಾನುವಾರ ಬಳಗಾನೂರಿನ ಕಡೆಯ ಒಂದು ಲೇಔಟಿಗೆ ವಿಮಾನವನ್ನು ಟಾಟಾ ಏಸಿನಲ್ಲಿ ಒಯ್ದರು. ಕಲ್ಲು ನೆಟ್ಟು ಪ್ಲಾಟು ಹಾಕಿದ್ದರೂ ಮನೆಗಳು ಎದ್ದಿರಲಿಲ್ಲ. ನಡುವೆ ನೆಟ್ಟಗಿನ ಮಣ್ಣಿನ ರಸ್ತೆ. ಆಚೆ ಕಾಲುವೆ, ಕಾಲುವೆಯಾಚೆ ನಾಟಿಯಾದ ಗದ್ದೆ. ಮಾಲಕರ ಒಪ್ಪಿಗೆ, ಉಳಿದ ಕಾಗದಪತ್ರ ಎಲ್ಲವನ್ನೂ ಮಹೇಶ್ವರಿ ಮಾಡಿಸಿಟ್ಟಿದ್ದಳು. ಯಮನೂರಮ್ಮನೂ ಬಂದಿದ್ದಳು. ದಾರ ಸುತ್ತಿದವಳು ನಾನು, ಬಿಚ್ಚಿದರೆ ಎಲ್ಲರೂ ನನ್ನ ಹೆಸರೇ ಹೇಳುತ್ತೀರಿ ಎಂದು ಗಾಡಿ ಹತ್ತಿದ್ದಳು.

ಅಜೀಮ್ ಪಂಖ ತಿರುಗಿಸಿದ. ನಾಲ್ಕನೆಯ ತಿರುವಿಗೆ ಇಂಜಿನ್ ಹತ್ತಿಕೊಂಡಿತು. ದಪ್ಪನೆಯ, ತಡೆದು ತಡೆದು ಬರುವ ಸದ್ದು. ಅವನು ಹಿಂದೆ ಸರಿದು ನಿಂತು ಬಾಯಲ್ಲೇ ಏನೋ ಓದಿಕೊಳ್ಳತೊಡಗಿದ. ಮಹೇಶ್ವರಿ ರಿಮೋಟಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು. ಕಡ್ಡಿಗಳನ್ನು ಅತ್ತಿತ್ತ ಆಡಿಸಿ, ಬಾಲದ ಹಲಗೆ ತಿರುಗುವುದನ್ನು ಇನ್ನೊಮ್ಮೆ ನೋಡಿಕೊಂಡಳು. ಎಂಟು ತಿಂಗಳ ಕೆಲಸ ಎಂಟು ಸೆಕೆಂಡಿನಲ್ಲಿ ಪುಡಿಯಾಗಬಹುದು ಎಂದು ಅವಳೇ ಹಿಂದಿನ ವಾರ ಹೇಳಿದ್ದಳು.

ವಿಮಾನ ಮಣ್ಣೆಬ್ಬಿಸುತ್ತಾ ಓಡಿತು. ಮಾನಪ್ಪ ಬಾಲವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಹತ್ತಿಪ್ಪತ್ತು ಮಾರು ಹೋಗುವಷ್ಟರಲ್ಲಿ ಬಾಲ ನೆಲ ಬಿಟ್ಟಿತು. ಮೈ ನೆಟ್ಟಗಾಯಿತು. ಗಾಲಿಗಳು ಇನ್ನೂ ಉರುಳುತ್ತಿದ್ದವು. ಆಮೇಲೆ ಯಾವ ಅವಸರವೂ ಇಲ್ಲದೆ, ಜಗುಲಿಯಿಂದ ಎದ್ದು ಹೊರಟ ಹಿರಿಯರ ಹಾಗೆ, ಅದು ನೆಲ ಬಿಟ್ಟು ಮೇಲೆದ್ದಿತು.

ಕಾಲುವೆ ದಾಟಿ ಗದ್ದೆಯ ಮೇಲೆ ಹೋದಾಗ ಬೆಳ್ಳಕ್ಕಿಗಳ ಹಿಂಡು ಎದ್ದಿತು. ಬಿಳಿಯ ರೆಕ್ಕೆಗಳ ನಡುವಿನಿಂದ ಕೆಂಪು ವಿಮಾನ ಒಂದು ಮಗ್ಗುಲಿಗೆ ವಾಲಿ ತಿರುಗಿ ಅವರತ್ತಲೇ ಬಂತು. ಬಿಸಿಲು ಬಟ್ಟೆಯನ್ನು ದಾಟಿ ಬರುತ್ತಿತ್ತು. ಬಾಲದ ಒಂದೊಂದು ಬಿದಿರುಪಟ್ಟಿಯೂ ಎಲೆಯ ನರದ ಹಾಗೆ ಕೆಳಗೆ ನಿಂತವರಿಗೆ ಕಾಣಿಸಿತು. ಎರಡನೆಯ ಸುತ್ತಿಗೆ ಮಹೇಶ್ವರಿ ರಿಮೋಟಿನ ಕಡ್ಡಿಗಳಿಂದ ಎರಡೂ ಹೆಬ್ಬೆರಳು ತೆಗೆದಳು. ವಿಮಾನ ಹೋಗುತ್ತಿದ್ದ ದಾರಿ ಬಿಡಲಿಲ್ಲ.

"ಕೈ ಬಿಟ್ಟೀನಿ, ಕಾಕಾ," ಎಂದಳು. "ತಾನ ಹೊಂಟದ ನೋಡ್ರಿ."

ಮಾನಪ್ಪ ಹೆಗಲ ಟವೆಲ್ಲಿನಿಂದ ಮುಖದ ದೂಳು ಒರೆಸಿಕೊಂಡ.

ಇಳಿಯುವಾಗ ಎರಡು ಸಲ ಪುಟಿದು, ರಸ್ತೆಯ ಅಂಚಿನವರೆಗೂ ಹೋಗಿ ನಿಂತಿತು. ಏನೂ ಮುರಿದಿರಲಿಲ್ಲ. ಅಜೀಮ್ ಓಡಿಹೋಗಿ ಇಂಜಿನ್ನಿನ ಮೇಲೆ ಅಂಗೈಯಿಟ್ಟು, ಸುಟ್ಟಿತೆಂದು ಕೈ ಝಾಡಿಸುತ್ತಾ ನಗುತ್ತಿದ್ದ. ಮಹೇಶ್ವರಿ ಮಣ್ಣಿನಲ್ಲೇ ಕೂತುಬಿಟ್ಟಿದ್ದಳು.

ಯಮನೂರಮ್ಮ ಅಷ್ಟು ಹೊತ್ತೂ ಒಂದು ಪ್ಲಾಟಿನ ಕಲ್ಲುಕಟ್ಟೆಯ ಮೇಲಿದ್ದಳು. ಮಾನಪ್ಪ ಹತ್ತಿರ ಬಂದಾಗ ಸೆರಗು ಕೊಡವಿಕೊಂಡಳು.

"ಇನ್ನೊಮ್ಮೆ ಬಿಡ್ತಾರೇನು?" ಎಂದು ಕೇಳಿದಳು.

"ಪೆಟ್ರೋಲ್ ಹಾಕಾಕತ್ಯಾನ," ಎಂದ.

ಅವಳು ಕಟ್ಟೆಯ ಮೇಲೆ ಸರಿದು ಜಾಗ ಮಾಡಿದಳು. ಮಾನಪ್ಪ ಕೂತ. ಕಾಲುವೆಯಾಚೆ ಬೆಳ್ಳಕ್ಕಿಗಳು ಒಂದು ಸುತ್ತು ಹಾಕಿ, ಕಾಲು ಇಳಿಬಿಟ್ಟು, ಒಂದೊಂದಾಗಿ ನಾಟಿಯ ನೀರಿಗೆ ಇಳಿಯುತ್ತಿದ್ದವು.