ವರ್ಲೀನ್ ಬಾಗಿಲು ತೆರೆದ ದಿನ

ಎಂಟು ತಿಂಗಳಿಂದ ಡೆಸ್ಮಂಡ್ ಪ್ರುಯಿಟ್ ವರ್ಲೀನ್ ಟಾಲಿವರ್‌ಳನ್ನು ಅವಳ ಮನೆಯ ಮೆಟ್ಟಿಲ ತನಕ ಬಿಟ್ಟು ಹೋಗುತ್ತಿದ್ದ. ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಶನಿವಾರ ಸಂಜೆ ಊಟ ಮುಗಿಸಿ ಬಂದಾಗಲೆಲ್ಲ ಅವಳು ಕೊನೆಯ ಮೆಟ್ಟಿಲಲ್ಲಿ ನಿಂತು, "ಅಪ್ಪ ಮಲಗಿರ್ತಾರೆ, ಇನ್ನೊಂದು ದಿನ ಬಾ" ಅನ್ನುವಳು. ಅವನು ಟೋಪಿ ಮುಟ್ಟಿ ನಗುವನು. ಕಾರಿನ ಹಿಂದಿನ ಸೀಟಿನಲ್ಲಿ ಅವನ ತಂಗಿ ಬರ್ನಡೀನ್ ಕೈ ಬೀಸುವಳು.

ಬರ್ನಡೀನ್‌ಗೆ ನಲವತ್ತೈದು ವರ್ಷ. ಹುಟ್ಟುವಾಗಲೇ ಡೌನ್ ಸಿಂಡ್ರೋಮ್ ಇತ್ತು. ತಾಯಿ ಹೋದ ಮೇಲೆ ಅವಳು ಅಣ್ಣನ ಮನೆಗೆ ಬಂದಳು, ಅವನು ಎಲ್ಲಿಗೆ ಹೋದರೂ ಜೊತೆಗಿದ್ದಳು. ಡೆಸ್ಮಂಡ್ ಮೆಂಫಿಸ್‌ನ ಒಂದು ದೊಡ್ಡ ಹೈಸ್ಕೂಲಿನ ಪ್ರಿನ್ಸಿಪಾಲ್. ಐವತ್ತೇಳರ ವಿಧುರ. ಮುಚ್ಚುವ ಹಂತಕ್ಕೆ ಬಂದಿದ್ದ ಶಾಲೆಯನ್ನು ಒಂಬತ್ತು ವರ್ಷದಲ್ಲಿ ಎತ್ತಿ ನಿಲ್ಲಿಸಿದವನು ಅಂತ ಊರೆಲ್ಲ ಹೇಳುತ್ತಿತ್ತು. ಅವನಿಗೂ ಅದು ಕೇಳಲು ಇಷ್ಟವೇ ಆಗಿತ್ತು.

ವರ್ಲೀನ್ ಸೇತುವೆಗಳ ಎಂಜಿನಿಯರ್. ಐವತ್ತೆರಡಾಗಿತ್ತು. ಅವಳು ಕೆಲಸಕ್ಕೆ ಸೇರಿದ ಕಾಲದಲ್ಲಿ ಮೀಟಿಂಗಿಗೆ ಹೋದರೆ ಕಾಫಿ ತರಲು ಬಂದವಳು ಅಂದುಕೊಂಡು ಕಪ್ಪು ಚಾಚುತ್ತಿದ್ದರು. ಈಗ ಅವಳ ರುಜು ಇಲ್ಲದೆ ನಕ್ಷೆ ಮುಂದೆ ಹೋಗುತ್ತಿರಲಿಲ್ಲ. ನದಿಯ ಮೇಲಿನ ಹಳೆಯ ಸೇತುವೆಯೊಂದನ್ನು ಮೂರು ವರ್ಷ ಹಿಡಿದು ರಿಪೇರಿ ಮಾಡುವ ಕೆಲಸ ಬಂದಿತ್ತು. ಅದರ ಮುಖ್ಯಸ್ಥೆಯಾಗಬೇಕೆಂದು ಅವಳು ವರ್ಷದಿಂದ ಪಟ್ಟು ಹಿಡಿದಿದ್ದಳು. ಜೂನ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಂಡಳಿಯ ಮುಂದೆ ಅವಳು ತನ್ನ ಯೋಜನೆ ಹೇಳಬೇಕಿತ್ತು.

ಆ ಗುರುವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಬಚ್ಚಲಿನಲ್ಲಿ ಅಪ್ಪ ಕುಸಿದರು.

ಹೋಸಿಯಾ ಟಾಲಿವರ್‌ಗೆ ಎಂಬತ್ತಮೂರು. ಮೂವತ್ತನಾಲ್ಕು ವರ್ಷ ಸಿಟಿ ಬಸ್ಸು ಓಡಿಸಿದವರು, ಚರ್ಚಿನಲ್ಲಿ ಡೀಕನ್, ಅಂದರೆ ಸಭೆಯ ಹಿರಿಯ ಸೇವಕ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಎಡಗೈ ಎಡಗಾಲು ಸ್ವಾಧೀನ ತಪ್ಪಿದ್ದವು. ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿತ್ತು. ನೋಡಿಕೊಳ್ಳಲು ಬಂದ ಮೂವರು ಹೆಂಗಸರು ಒಬ್ಬರ ಹಿಂದೊಬ್ಬರು ಕೆಲಸ ಬಿಟ್ಟಿದ್ದರು. ಮೂರನೆಯವಳು ಮಾಡಿದ ಜೋಳದ ಗಂಜಿಯನ್ನು, "ಇದರಲ್ಲಿ ಗೋಡೆಗೆ ಕಾಗದ ಅಂಟಿಸಬಹುದು" ಅಂದಿದ್ದರು. ಅವಳು ಅಂದೇ ಏಪ್ರನ್ ಬಿಚ್ಚಿಟ್ಟು ಹೊರಟುಹೋದಳು. ನಾಲ್ಕನೆಯವಳು ಆ ದಿನ ಬರಬೇಕಿತ್ತು. ಏಳೂವರೆಗೆ ಫೋನ್ ಮಾಡಿ, ಬರುವುದಿಲ್ಲ ಅಂದುಬಿಟ್ಟಳು.

ವರ್ಲೀನ್ ಓಡಿ ಬಂದಾಗ ಅವರು ತೊಟ್ಟಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಮೈಮೇಲೆ ಒಂದು ಟವೆಲ್ಲು, ಅಷ್ಟೆ.

"ಪೆಟ್ಟಾಯ್ತಾ ಅಪ್ಪಾ?"

"ಮರ್ಯಾದೆಗೆ ಆಯ್ತು. ಎತ್ತು."

ಎತ್ತಲು ನೋಡಿದಳು. ಬಸ್ಸಿನ ಸ್ಟೀರಿಂಗು ಹಿಡಿದು ಬೆಳೆದ ಮೈ ಅದು, ಅಲುಗಲಿಲ್ಲ. ಎರಡನೆಯ ಸಲ ಅವಳ ಸೊಂಟ ಹಿಡಿದುಕೊಂಡಿತು. ಬಿದ್ದವರನ್ನು ಎತ್ತಲೂ ಬರುವ ಅಗ್ನಿಶಾಮಕ ದಳದವರನ್ನು ಕರೆಯುತ್ತೇನೆ ಅಂದಳು.

"ಬೇಡ! ಹೋದ ಸಲ ಅವರು ಬಂದಾಗ ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತಿತ್ತು. ಎದುರು ಮನೆಯವಳು ಕುರ್ಚಿ ಹಾಕ್ಕೊಂಡು ಕೂತಿದ್ಲು, ನಾನೇನು ಮೆರವಣಿಗೆನಾ? ಬೆತ್ತಲೆ ಮನುಷ್ಯನ್ನ ಊರು ನೋಡಬಾರದು, ವರ್ಲೀನ್."

ಗಡಿಯಾರ ಎಂಟೂ ಇಪ್ಪತ್ತೈದು ತೋರಿಸುತ್ತಿತ್ತು. ಇಸ್ತ್ರಿ ಮಾಡಿದ ನೀಲಿ ಕೋಟು ಬಾಗಿಲ ಹಿಂದೆ ತೂಗುತ್ತಿತ್ತು. ಮಂಡಳಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಅಂದುಬಿಡಲೇ ಎಂದು ಒಂದು ಕ್ಷಣ ಯೋಚಿಸಿದಳು. ಹಾಗೆ ಅಂದರೆ ಆ ಕೆಲಸ ಕೈಬಿಟ್ಟಂತೆಯೇ. ಅಪ್ಪನನ್ನು ಈ ಸ್ಥಿತಿಯಲ್ಲಿ ತನ್ನ ಬದುಕಿಗೆ ಬರುವ ಯಾವ ಗಂಡಸಿಗೂ ತೋರಿಸಬಾರದೆಂದು ಅವಳು ಎರಡು ವರ್ಷ ಹಲ್ಲು ಕಚ್ಚಿ ಹಿಡಿದಿದ್ದಳು. ಅದಕ್ಕೆ ಕಾರಣವಿತ್ತು. ಮಾಜಿ ಗಂಡ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಅಪ್ಪನಿಗೆ ಕೇಳುವಂತೆಯೇ, "ಇವರನ್ನ ಎಲ್ಲಾದರೂ ಸೇರಿಸು, ಇಲ್ಲಾ ನಾನು ಹೋಗ್ತೀನಿ" ಅಂದಿದ್ದ. ಅವನು ಹೋದ. ಆ ಮಾತು ಹೋಗಲಿಲ್ಲ.

ಕೊನೆಗೆ ಡೆಸ್ಮಂಡ್‌ಗೆ ಫೋನ್ ಮಾಡಿದಳು. ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಅವನು, "ಬಾಗಿಲು ತೆಗೆದಿಡು. ಕೈಯಿಲ್ಲದ ಎರಡು ಗಟ್ಟಿ ಕುರ್ಚಿ ಹುಡುಕಿಡು" ಎಂದಷ್ಟೇ ಹೇಳಿ ಇಟ್ಟ.

ಹದಿನೈದು ನಿಮಿಷದಲ್ಲಿ ಬಂದ. ಶಾಲೆಗೆ ರಜೆಯಾದ್ದರಿಂದ ಅವನು ಮನೆಯಲ್ಲೇ ಇದ್ದ, ಬರ್ನಡೀನ್ ಕೂಡ ಜೊತೆಗೆ ಬಂದಿದ್ದಳು. ಅವಳನ್ನು ನಡುಮನೆಯಲ್ಲಿ ಕೂರಿಸಿ ಅವನು ಬಚ್ಚಲಿಗೆ ಬಂದ. ಮೊದಲು ಹೋಸಿಯಾರ ಹೆಗಲಿಗೆ ದೊಡ್ಡ ಟವೆಲ್ಲೊಂದನ್ನು ಹೊದಿಸಿ, ಎದುರು ಮಂಡಿಯೂರಿ ಕೂತು ಕೈ ಚಾಚಿದ.

"ಡೆಸ್ಮಂಡ್ ಪ್ರುಯಿಟ್, ಸಾರ್. ನಿಮ್ಮ ಮಗಳ ಜೊತೆ ಓಡಾಡ್ತೀನಿ."

"ಓಡಾಡೋ ವಯಸ್ಸೇನಯ್ಯಾ ನಿಂದು?"

"ಅಲ್ಲ ಸಾರ್. ಅದಕ್ಕೇ ನಿಧಾನಕ್ಕೆ ಓಡಾಡ್ತೀವಿ."

ಹೋಸಿಯಾ ಗುರಾಯಿಸಿದರು. ಆದರೆ ಕೈ ಕೊಟ್ಟರು. ಡೆಸ್ಮಂಡ್ ಒಂದು ಕುರ್ಚಿ ಮುಂದೆ ಇಟ್ಟ, ಬೆಲ್ಟೊಂದನ್ನು ಅವರ ಸೊಂಟಕ್ಕೆ ಸುತ್ತಿದ. ಬಲಗೈಯನ್ನು ಕುರ್ಚಿಯ ಮೇಲೆ ಊರಿಸಿ, ಬಲಗಾಲನ್ನು ಮಡಚಿಸಿ, "ಮೂರು ಅಂದಾಗ ನೀವು ಏಳ್ತೀರಿ, ನಾನು ಸುಮ್ನೆ ಹಿಡ್ಕೊಂಡಿರ್ತೀನಿ" ಅಂದ. ಮೂರು ಅಂದಾಗ ಅವರು ಎದ್ದರು. ವರ್ಲೀನ್ ಎರಡನೆಯ ಕುರ್ಚಿಯನ್ನು ಅವರ ಹಿಂದೆ ತಳ್ಳಿಕೊಟ್ಟಳು. ಕೂತ ಮೇಲೆ ಹೋಸಿಯಾ ಉಸಿರು ಬಿಟ್ಟರು. ಅವಳಿಗೂ ಹೋದ ಜೀವ ಬಂದಂತಾಯಿತು.

"ಎಲ್ಲಿ ಕಲಿತೆ ಇದನ್ನ?" ಎಂದು ಪಿಸುಗುಟ್ಟಿದಳು.

"ನನ್ನ ಹೆಂಡತಿ ಮೂರು ವರ್ಷ ಹಾಸಿಗೆ ಹಿಡಿದಿದ್ದಳಲ್ಲ." ಅವನು ಅಂಗಿಯ ತೋಳು ಮಡಚಿಕೊಂಡ. "ಹೋಗು, ಸೀರಿಯಸ್ ಮುಖ ಹಾಕ್ಕೊಂಡು ಹೋಗು. ನಾವು ಇಲ್ಲಿ ಇರ್ತೀವಿ."

"ಅವರು ಏನಾದರೂ ಅಂದ್ರೆ ಮನಸ್ಸಿಗೆ ಹಚ್ಕೋಬೇಡ."

"ಸಾವಿರದಿನ್ನೂರು ಹೈಸ್ಕೂಲ್ ಮಕ್ಕಳನ್ನ ನೋಡಿದೀನಿ, ವರ್ಲೀನ್. ಹೊರಡು."

ಬಾಗಿಲು ದಾಟುವಾಗ ಅಪ್ಪನ ದನಿ ಕೇಳಿತು. "ಸ್ಕೂಲಿಗೆ ಯಾವ ಬಸ್ಸಲ್ಲಿ ಹೋಗ್ತಿದ್ದೆ?" ಡೆಸ್ಮಂಡ್ ನಂಬರು ಹೇಳಿದ. "ಅದು ಕನಿಂಗ್‌ಹ್ಯಾಮನ ಬಸ್ಸು! ಒಂದು ದಿನ ಹೊತ್ತಿಗೆ ಸರಿಯಾಗಿ ಬಂದವನಲ್ಲ."

"ಅದಕ್ಕೇ ನಾನು ಮೊದಲ ಪೀರಿಯಡ್ ಕಲಿಯಲೇ ಇಲ್ಲ ಸಾರ್."

ಅವಳು ಸಭೆಗೆ ಐದು ನಿಮಿಷ ಮೊದಲೇ ತಲುಪಿದಳು. ಮೇಜಿನ ಸುತ್ತ ಹನ್ನೊಂದು ಜನ, ಅವರಲ್ಲಿ ಹೆಂಗಸು ಇವಳೊಬ್ಬಳೇ. ಕಂಬಗಳ ಅಡಿಪಾಯ, ತುಕ್ಕು ಹಿಡಿದ ಕೀಲುಗಳು, ಭೂಕಂಪಕ್ಕೆ ತಡೆ ಎಲ್ಲವನ್ನೂ ಕಾಗದ ನೋಡದೆ ಹೇಳಿದಳು. ಕೊನೆಯಲ್ಲಿ ಬಿಳಿ ಗಡ್ಡದ ಸದಸ್ಯರೊಬ್ಬರು ಗಂಟಲು ಸರಿಮಾಡಿಕೊಂಡರು.

"ಮೂರು ವರ್ಷದ ಕೆಲಸ ಇದು. ಮನೆ ಕಡೆ ಏನೂ ಅಡ್ಡಿ ಇಲ್ಲ ತಾನೇ?"

ಈ ಪ್ರಶ್ನೆಯನ್ನು ಇವರು ಗಂಡಸರಿಗೆ ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎರಡು ವರ್ಷದಿಂದ ಇದಕ್ಕೆ ಅವಳ ಉತ್ತರ, "ಏನೂ ಇಲ್ಲ ಸಾರ್." ಈ ಸಲ ಬೇರೆ ಮಾತು ಬಂತು.

"ಮನೆಯಲ್ಲಿ ನಮ್ಮಪ್ಪ ಇದಾರೆ, ಪಾರ್ಶ್ವವಾಯು ಆಗಿದೆ. ಇವತ್ತು ಬೆಳಿಗ್ಗೆ ಬಿದ್ದಿದ್ರು. ಎತ್ತಿ ಕೂರಿಸಿ ಬಂದಿದೀನಿ, ತಡವಾಗಿ ಬರಲಿಲ್ಲ. ಇನ್ನೂ ಏನಾದರೂ ಕೇಳೋದಿದ್ರೆ ಸೇತುವೆ ಬಗ್ಗೆ ಕೇಳಿ."

ಆ ಸದಸ್ಯರು ಕಾಗದ ನೋಡಿದರು. ಯಾರೋ ಕೆಮ್ಮಿದರು. ಆಮೇಲೆ ಸೇತುವೆಯ ಬಗ್ಗೆಯೇ ಇಪ್ಪತ್ತು ನಿಮಿಷ ಪ್ರಶ್ನೆಗಳು ನಡೆದವು.

ಮನೆಗೆ ಬರುವ ದಾರಿಯುದ್ದಕ್ಕೂ, ಅಪ್ಪ ಡೆಸ್ಮಂಡ್‌ನನ್ನು ಬೈದು ಓಡಿಸಿರಬೇಕು, ಇಲ್ಲವೇ ಅವನೇ ಮಾಜಿ ಗಂಡನ ಹಾಗೆ ಮುಖ ಸಿಂಡರಿಸಿ ಕೂತಿರಬೇಕು ಎಂದೆಲ್ಲ ಊಹಿಸಿಕೊಂಡಳು. ಬೀದಿಯ ತಿರುವಿನಲ್ಲಿ ಕಾರು ನಿಧಾನ ಮಾಡಿದವಳು ನಿಲ್ಲಿಸಿಯೇಬಿಟ್ಟಳು.

ಅಪ್ಪ ಜಗಲಿಯಲ್ಲಿದ್ದರು. ಗಾಲಿಕುರ್ಚಿಯಲ್ಲಿ, ಇಸ್ತ್ರಿಯ ಅಂಗಿ ತೊಟ್ಟು, ತಲೆಗೆ ಭಾನುವಾರದ ಟೋಪಿ ಇಟ್ಟು. ಎದುರಿಗೆ ಬರ್ನಡೀನ್. ನಡುವೆ ಡಾಮಿನೋ ಆಟದ ಕಾಯಿ ಹರಡಿದ ಮೇಜು. ಎದುರು ಮನೆಯ ಹೆಂಗಸು ಬೇಲಿಗೆ ಒರಗಿ ಯಾರ ಮೊಮ್ಮಗಳಿಗೋ ಮದುವೆ ಗೊತ್ತಾದ ಸುದ್ದಿ ಹೇಳುತ್ತಿದ್ದಳು.

"ಮಿಸ್ ವರ್ಲೀನ್! ಮಿಸ್ಟರ್ ಹೋಸಿಯಾ ಮೋಸ ಮಾಡ್ತಾರೆ. ಮೂರು ಸಲ ಹಿಡಿದೆ!" ಬರ್ನಡೀನ್ ಕೂಗಿದಳು.

"ಎರಡು ಸಲ," ಅಂದರು ಹೋಸಿಯಾ.

"ಮೂರು. ಒಂದು ಕಾಯಿ ಟೋಪಿ ಕೆಳಗಿತ್ತು."

ಹೋಸಿಯಾ ನಕ್ಕರು. ಅಪ್ಪ ಹೊಟ್ಟೆ ಕುಣಿಸಿ ನಕ್ಕದ್ದನ್ನು ಅವಳು ನೋಡಿ ಎಷ್ಟು ಕಾಲವಾಗಿತ್ತೋ.

ಅಡಿಗೆಮನೆಯಲ್ಲಿ ಡೆಸ್ಮಂಡ್ ಮೀನು ಹುರಿಯುತ್ತಿದ್ದ. ಪಕ್ಕದ ಪಾತ್ರೆಯಲ್ಲಿ ಸ್ಪಾಗೆಟ್ಟಿ ಕುದಿಯುತ್ತಿತ್ತು. ಅವಳು ಚಪ್ಪಲಿ ಕಳಚಿ ಕುರ್ಚಿಯಲ್ಲಿ ಕುಸಿದು ಕೂತಳು. ಕಣ್ಣಲ್ಲಿ ತಾನಾಗಿ ನೀರು ಬಂತು.

"ಕೆಡ್ತಾ?" ಅಂದ ಅವನು ಗಾಬರಿಯಿಂದ.

"ಇಲ್ಲ. ಚೆನ್ನಾಗಾಯ್ತು. ಅದಕ್ಕೇ."

ಅವನು ಒಲೆ ಸಣ್ಣ ಮಾಡಿ ಎದುರು ಕೂತ. ಸ್ವಲ್ಪ ಹೊತ್ತು ಬೆರಳಿಗಂಟಿದ ಹಿಟ್ಟು ಉಜ್ಜುತ್ತಿದ್ದ. "ವರ್ಲೀನ್, ಒಂದು ಮಾತು ಕೇಳ್ಬೇಕು. ಎಂಟು ತಿಂಗಳು ನನ್ನನ್ನ ಮೆಟ್ಟಿಲ ಮೇಲೇ ನಿಲ್ಲಿಸಿದೆ. ಬರ್ನಡೀನ್‌ಳಿಂದ ನಿನಗೆ ಮುಜುಗರ ಅಂದ್ಕೊಂಡಿದ್ದೆ."

ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. "ಬರ್ನಡೀನಾ? ದೇವರೇ! ಇಲ್ಲ ಡೆಸ್ಮಂಡ್. ನಮ್ಮಪ್ಪನ್ನ ನೋಡಿ ನೀನು ಓಡ್ಹೋಗ್ತೀಯ ಅಂತ. ಒಬ್ಬ ಹೋದ. ಇನ್ನೊಂದು ಸಲ ಅಪ್ಪನ ಕಿವಿಗೆ ಆ ಮಾತು ಬೀಳಬಾರದು ಅಂತ."

ಅವನು ತಲೆ ತಗ್ಗಿಸಿದ. "ಹಾಗಾದ್ರೆ ಇದನ್ನೂ ಹೇಳ್ಬಿಡ್ತೀನಿ. ನ್ಯಾಶ್‌ವಿಲ್‌ನಿಂದ ಕರೆ ಬಂದಿದೆ. ಅಲ್ಲಿನ ನಲವತ್ತು ಶಾಲೆಗಳಿಗೆ ಮುಖ್ಯಸ್ಥ. ನೀನು ಒಳಗೆ ಕರೆಯೋದೇ ಇಲ್ಲ ಅಂದ್ಮೇಲೆ ಇಲ್ಲಿದ್ದು ಏನು ಅಂತ, ನಾಳೆ ಒಪ್ಪಿಗೆ ಕಳಿಸೋನಿದ್ದೆ. ಈಗ ಬೇಡ ಅಂತೀನಿ."

"ಆ ಕೆಲಸ ನಿನಗೆ ಬೇಕಾ?"

"ಬೇಕು," ಅಂದ, ತಪ್ಪೊಪ್ಪಿಕೊಳ್ಳುವವನ ಹಾಗೆ. "ತುಂಬಾ ಬೇಕು."

"ಮತ್ಯಾಕೆ ಬೇಡ ಅಂತೀಯ? ನಾನು ಸೇತುವೆ ಬಿಡಲ್ಲ, ನೀನು ಆ ಶಾಲೆಗಳನ್ನ ಬಿಡೋದ್ಯಾಕೆ? ಮೂರು ಗಂಟೆ ದಾರಿ ಅಷ್ಟೆ."

"ಬರ್ನಡೀನ್ ಬರಬೇಕಲ್ಲ..."

"ನನ್ನ ಯಾರೂ ಕೇಳಿಲ್ಲ!" ಜಗಲಿಯಿಂದ ದನಿ ಬಂತು. "ನಾನು ಬರಲ್ಲ. ಬುಧವಾರ ಚರ್ಚಲ್ಲಿ ನಂದು ಅಡಿಗೆ ಡ್ಯೂಟಿ ಇದೆ."

ಇಬ್ಬರೂ ಬೆಚ್ಚಿ ಕಿಟಕಿಯ ಕಡೆ ತಿರುಗಿದರು.

"ಕಿಟಕಿ ತೆರೆದಿದೆ," ಅಂದರು ಹೋಸಿಯಾ ಹೊರಗಿಂದಲೇ. "ನಂಗೆ ಬಿದ್ದುಹೋಗಿರೋದು ಕೈ, ಕಿವಿ ಅಲ್ಲ. ವರ್ಲೀನ್, ಬಾ ಇಲ್ಲಿ."

ಅವಳು ಹೋಗಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಹೋಸಿಯಾ ಬೀದಿ ನೋಡುತ್ತಲೇ ಮಾತಾಡಿದರು.

"ಎರಡು ವರ್ಷದಿಂದ ಈ ಜಗಲಿಗೆ ಬಂದಿಲ್ಲ ನಾನು. ಮೂಲೆ ಮನೆ ಜೇಮ್ಸನ್ ತೀರಿಹೋದನಂತೆ, ಇವತ್ತು ಗೊತ್ತಾಯ್ತು ನನಗೆ. ಯಾಕೆ ಬಚ್ಚಿಟ್ಟೆ ನನ್ನ?"

"ನೀವೇ ಅಂದ್ರಲ್ಲ ಅಪ್ಪಾ, ಊರು ನೋಡಬಾರದು ಅಂತ."

"ಬೆತ್ತಲೆ ನೋಡಬಾರದು ಅಂದೆ ಮಗಳೇ. ನೋಡಲೇಬಾರದು ಅಂದ್ನಾ?"

ಅವರ ಬಲಗೈ ಬಂದು ಅವಳ ತಲೆಯ ಮೇಲೆ ಕೂತಿತು. "ಆ ಕಾರಿಡಾರಿನ ಮಾತು ನನಗೂ ಕೇಳಿಸಿತ್ತು. ಅವನು ಹೋದದ್ದೇ ಒಳ್ಳೇದಾಯ್ತು ಅಂತ ಅವತ್ತೇ ಅನ್ನಿಸಿತ್ತು. ನಿನಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ." ಆಮೇಲೆ ಅಡಿಗೆಮನೆಯ ಕಡೆ ದನಿ ಏರಿಸಿದರು. "ಪ್ರಿನ್ಸಿಪಾಲ್! ಮೀನು ಸೀಯ್ತಾ ಇದೆ!"

ಎರಡು ವಾರ ಬಿಟ್ಟು ಸೇತುವೆಯ ಕೆಲಸ ವರ್ಲೀನ್‌ಗೇ ಬಂತು. ಡೆಸ್ಮಂಡ್ ನ್ಯಾಶ್‌ವಿಲ್‌ಗೆ ಹೂಂ ಅಂದ. ಸೋಮವಾರ ಹೋಗಿ ಗುರುವಾರ ಸಂಜೆ ಬರುವುದು, ಶುಕ್ರವಾರ ಮನೆಯಿಂದಲೇ ಕೆಲಸ ಎಂದು ಅಲ್ಲಿನವರನ್ನು ಒಪ್ಪಿಸಿದ. ಅವನಿಲ್ಲದ ದಿನಗಳಲ್ಲಿ ಬರ್ನಡೀನ್ ವರ್ಲೀನ್‌ಳ ಮನೆಯಲ್ಲಿ ಉಳಿಯುತ್ತಿದ್ದಳು. ಎಲ್ಲ ಸಲೀಸಾಗಿ ನಡೆಯಿತೆಂದಲ್ಲ. ಐದನೆಯ ಹೆಂಗಸೂ ಒಂದು ವಾರಕ್ಕೆ ಬಿಟ್ಟಳು. ಆರನೆಯವಳು, ಅರ್ನೆಸ್ಟೀನ್ ಎಂಬ ನಿವೃತ್ತ ನರ್ಸು, ಮೊದಲ ದಿನವೇ ಹೋಸಿಯಾರಿಗೆ, "ಗಂಜಿ ಸರಿಯಿಲ್ಲ ಅಂದ್ರೆ ಬಟ್ಟಲು ಕಿತ್ಕೋತೀನಿ" ಅಂದಳು. ಅವಳು ಬಿಟ್ಟುಹೋಗದೆ ಉಳಿದಳು. ಮೆಟ್ಟಿಲ ಪಕ್ಕ ಚರ್ಚಿನ ಗಂಡಸರು ಸೇರಿ ಹಲಗೆಯ ಇಳಿಜಾರು ಹಾಕಿದರು. ಹೋಸಿಯಾ ಎರಡು ವರ್ಷದ ಮೇಲೆ ಚರ್ಚಿಗೆ ಹೋಗಿ ತಮ್ಮ ಜಾಗದಲ್ಲಿ ಕೂತಿದ್ದವನನ್ನು ಎಬ್ಬಿಸಿದರು.

ಅಕ್ಟೋಬರಿನಲ್ಲಿ ಮದುವೆಯಾಯಿತು. ಡೆಸ್ಮಂಡ್ ತನ್ನ ಮನೆ ಖಾಲಿ ಮಾಡಿ, ತಂಗಿಯ ಹನ್ನೆರಡು ಪೆಟ್ಟಿಗೆ ಸಾಮಾನು ಹೊತ್ತು ಇಲ್ಲಿಗೇ ಬಂದ. ಕಿಟಕಿಯಿರುವ ಕೋಣೆ ತನಗೇ ಬೇಕೆಂದು ಬರ್ನಡೀನ್ ಹಟ ಹಿಡಿದು ಗೆದ್ದಳು.

ಮದುವೆಯ ಮುಂದಿನ ಭಾನುವಾರ, ಚರ್ಚಿನಿಂದ ಬಂದು ಊಟವಾದ ಮೇಲೆ, ವರ್ಲೀನ್ ಒಂದು ನಿಮಿಷ ಒರಗುತ್ತೇನೆಂದು ಕೋಣೆಗೆ ಹೋದಳು. ಕಣ್ಣು ಬಿಟ್ಟಾಗ ಗೋಡೆಯ ಮೇಲಿನ ಬಿಸಿಲು ಹಳದಿಯಾಗಿತ್ತು. ಮಲಗಿ ಮೂರು ಗಂಟೆ ಕಳೆದಿತ್ತು. ದಡಬಡಿಸಿ ಎದ್ದು ಕೂತು ಕಿವಿಗೊಟ್ಟಳು. ಅಪ್ಪನಿಗೆ ಮಾತ್ರೆ ಕೊಟ್ಟಾಯಿತೇ ಎಂದು ಡೆಸ್ಮಂಡ್ ಕೇಳುತ್ತಿದ್ದ. ಕೊಟ್ಟಾಯಿತು, ಪಟ್ಟಿಯಲ್ಲಿ ಗೀಟು ಹಾಕಿದ್ದೇನೆ ಎಂದು ಬರ್ನಡೀನ್ ಹೇಳಿದಳು. ಅದು ನಿನ್ನೆಯ ಗೀಟು ಎಂದು ಹೋಸಿಯಾ ವಾದ ಹೂಡಿದರು. ಯಾರೂ ಅವಳನ್ನು ಕರೆಯಲಿಲ್ಲ. ಅವಳು ಮಗ್ಗುಲು ಬದಲಿಸಿ, ಹೊದಿಕೆ ಎಳೆದುಕೊಂಡು, ಮತ್ತೆ ಮಲಗಿದಳು.